ಹತ್ತೊಂಬತ್ತು ಸೆಕೆಂಡಿನ ಗೋಲ್‌ಕೀಪರ್

ಕಾಫಿ ಕುಡಿಯುತ್ತಾ ಪೇಪರು ಓದುವ ಚಟ ಇಲ್ಲದಿದ್ದರೆ ರೈಮೊ ಆವತ್ತು ನಾಲ್ಕು ಮನೆಗಳ ಹೊಗೆಗೂಡು ಗುಡಿಸಿ, ಸಂಜೆ ಸೌನಾದ ಹಬೆಯಲ್ಲಿ ಬೆವರಿ, ನೆಮ್ಮದಿಯಾಗಿ ಮಲಗಿರುತ್ತಿದ್ದ. ಗ್ರಹಚಾರ, ಏಳನೇ ಪುಟ ತೆರೆದ.

ಅಲ್ಲಿ ಲಮ್ಮೆಲಾ ಊರಿನ ಐಸ್ ಹಾಕಿ ತಂಡಕ್ಕೆ ಆಡಿದವರ ಪಟ್ಟಿಯಿತ್ತು. ದೇಶದ ಎರಡನೇ ದರ್ಜೆಯ ಲೀಗಿನ ಚರಿತ್ರೆ ಪುಸ್ತಕವಾಗಿ ಬರಲಿತ್ತು. ಮೊದಲ ದರ್ಜೆಯ ಚರಿತ್ರೆಯನ್ನು ಯಾರು ಬೇಕಾದರೂ ಬರೆಯುತ್ತಾರೆ. ಎರಡನೇ ದರ್ಜೆಯದೆಂದರೆ ದಿವಾಳಿಯೆದ್ದ ತಂಡಗಳು, ಸೋರುವ ಚಾವಣಿಗಳು, ಮೇಲಿನ ಲೀಗಿನ ಬಾಗಿಲು ಬಡಿದೂ ಬಡಿದೂ ಕೈ ಸೋತವರು. ಅದನ್ನು ಬರೆಯಲು ಎದೆಗಾರಿಕೆ ಬೇಕು. ನಿವೃತ್ತ ಟೀಚರ್ ಸಿರ್ಕ್ಕಾಗೆ ಅದಿತ್ತು. ಪಂದ್ಯದಲ್ಲಿ ಒಂದೇ ಒಂದು ಸೆಕೆಂಡು ಐಸಿನ ಮೇಲೆ ನಿಂತವರ ಹೆಸರೂ ಪುಸ್ತಕದ ಕೊನೆಯಲ್ಲಿ ಇರಬೇಕೆಂಬುದು ಆಕೆಯ ನಿಯಮ.

ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಹೆಸರಿದ್ದವು. ರೈಮೊನದು ಇರಲಿಲ್ಲ.

"ನಾನೂ ನಿಂತಿದ್ದೆ! ಹತ್ತೊಂಬತ್ತು ಸೆಕೆಂಡು!" ಎಂದು ರೈಮೊ ಮೇಜು ಗುದ್ದಿದ.

"ಗೊತ್ತು. ಮೂವತ್ತೈದು ವರ್ಷದಿಂದ ಕೇಳ್ತಾನೇ ಇದೀನಿ," ಎಂದಳು ಹೆಂಡತಿ ಮಾರ್ಕೆತ್ತಾ, ಚೆಲ್ಲಿದ ಕಾಫಿ ಒರೆಸುತ್ತಾ. "ಕೆಳಗೆ ಓದು. ತಪ್ಪಿದ್ರೆ ಮೂರು ಜನ ಸಾಕ್ಷಿಗಳ ಸಹಿ ತಗೊಂಡು ನಾಲ್ಕು ಗಂಟೆಯೊಳಗೆ ಲೈಬ್ರರಿಗೆ ಬನ್ನಿ ಅಂತಿದೆ. ಸಂಜೆ ಪುಸ್ತಕ ಅಚ್ಚಿಗೆ ಹೋಗುತ್ತಂತೆ."

ರೈಮೊ ಹಲ್ಲು ಕೂಡ ಉಜ್ಜದೆ ಹೊರಟ.

ನಡೆದದ್ದಿಷ್ಟು. ಮೂವತ್ತೈದು ವರ್ಷದ ಹಿಂದೆ ರೈಮೊ ತಂಡದ ಎರಡನೇ ಗೋಲ್‌ಕೀಪರ್. ನಲವತ್ತು ಪಂದ್ಯ ಪ್ಯಾಡು ಕಟ್ಟಿಕೊಂಡು ಬೆಂಚು ಬಿಸಿ ಮಾಡಿದ್ದೇ ಕೆಲಸ. ನಲವತ್ತೊಂದನೆಯದು ಕೊನೆಯ ಪಂದ್ಯ, ಲಮ್ಮೆಲಾಗೆ ಇರುವ ಒಂದೇ ಒಂದು ಕಪ್ಪನ್ನು ತಂದುಕೊಟ್ಟ ಪಂದ್ಯ. ಅದರ ನಡುವೆ ಮೊದಲ ಕೀಪರನ ಪ್ಯಾಡಿನ ಪಟ್ಟಿ ಕಿತ್ತುಹೋಯಿತು. ಕೋಚ್ ಓಯ್ವಾ ಬೆನ್ನಿಗೊಂದು ಗುದ್ದು ಕೊಟ್ಟು "ಹೋಗು, ನಿಲ್ಲು" ಎಂದರು. ರೈಮೊ ಹೋಗಿ ನಿಂತ. ಹತ್ತೊಂಬತ್ತು ಸೆಕೆಂಡೂ ಆಟವೆಲ್ಲ ಆಚೆ ತುದಿಯಲ್ಲೇ ನಡೆಯಿತು. ಪಟ್ಟಿ ಸರಿಯಾಯಿತು, ಅವನು ವಾಪಸು ಬಂದ. ಅಷ್ಟೇ. ಆದರೆ ಮನುಷ್ಯನಿಗೆ ಹೆಮ್ಮೆಪಡಲು ಎಷ್ಟು ಸೆಕೆಂಡು ಬೇಕು ಹೇಳಿ?

ಮೊದಲು ಸಿಕ್ಕಿದ್ದು ಐಸ್ ಕ್ರೀಡಾಂಗಣದ ಎದುರು ಸಾಸೇಜು ಸುಡುವ ಹೆಲ್ವಿ. "ನೆನಪಿಲ್ದೆ ಏನು! ಗುಂಡಿನ ಹಾಗೆ ಬಂದ ರಬ್ಬರ್ ಬಿಲ್ಲೇನ ಎದೆಯಲ್ಲಿ ತಡೆದ್ಯಲ್ಲ!"

"ಬಿಲ್ಲೆ ನನ್ನ ಕಡೆ ಬರಲೇ ಇಲ್ಲ ಹೆಲ್ವಿ..."

"ನಿಂಗೇನು ಗೊತ್ತು, ಸುಮ್ನಿರು! ಪೆನ್ನು ಕೊಡು."

ಎರಡನೆಯವನು ಐಸು ನಯ ಮಾಡುವ ಗಾಡಿಯ ಚಾಲಕ ತೈಸ್ಟೊ. ಹೆಲ್ವಿ ಬರೆದದ್ದನ್ನು ಓದಿ ಅವನಿಗೆ ರೋಷ ಉಕ್ಕಿತು. "ಒಂದೇನೇ? ಎರಡು ತಡೆದಿದ್ದ! ಎರಡನೇದು ಹಲ್ಲಲ್ಲಿ!" ಎಂದು ಬರೆದು ಸಹಿ ಹಾಕಿದ. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಊರು ಅದು. ಹನ್ನೆರಡು ಗಂಟೆಗೆ ಕಾಫಿ ಅಂಗಡಿಯಲ್ಲಿ ತಡೆದ ಬಿಲ್ಲೆಗಳ ಲೆಕ್ಕ ಐದಕ್ಕೇರಿತ್ತು. ಗುರುತಿಲ್ಲದ ಮುದುಕಿಯೊಬ್ಬಳು ಬಂದು ರೈಮೊನ ದವಡೆ ಸವರಿ "ಪಾಪ, ಈಗಲೂ ನೋಯುತ್ತಾ?" ಎಂದು ಕೇಳಿದಳು.

ಮೂರನೆಯ ಸಾಕ್ಷಿ ಕೋಚ್ ಓಯ್ವಾ. ಪುಣ್ಯಕ್ಕೆ ಆವತ್ತು ಗುಡಿಸಬೇಕಾದ ಹೊಗೆಗೂಡುಗಳಲ್ಲಿ ಅವರದೂ ಒಂದು. ಎಂಬತ್ತೊಂದರ ಓಯ್ವಾಗೆ ಯಾವ ಪಂದ್ಯದಲ್ಲಿ ಯಾರು ಯಾವ ನಿಮಿಷದಲ್ಲಿ ಗೋಲು ಹೊಡೆದರೆಂಬುದು ಬಾಯಿಪಾಠ. ಹತ್ತೊಂಬತ್ತು ಸೆಕೆಂಡಿನ ಮಾತೆತ್ತಿದ್ದೇ ತಡ, ಅವರ ಕಣ್ಣು ಕಿಟಕಿಯಾಚೆ ಹೋಯಿತು.

"ನೆನಪಿಲ್ಲಪ್ಪ. ವಯಸ್ಸಾಯ್ತು ನೋಡು."

"ಕೋಚ್, ನೀವೇ ಬೆನ್ನಿಗೆ ಗುದ್ದಿದ್ರಿ!"

"ಯಾರ್ಯಾರಿಗೆ ಗುದ್ದಿದೀನೋ. ಮೊದ್ಲು ಕೆಲಸ ಮುಗಿಸು ಹೋಗು."

ಚಾವಣಿ ಹತ್ತಿದ ರೈಮೊ ತಡೆಯಲಾರದೆ ಹೊಗೆಗೂಡಿನೊಳಕ್ಕೆ ತಲೆ ಹಾಕಿ ಕೂಗಿದ: "ಪಟ್ಟಿ ಕಿತ್ತೋಯ್ತಲ್ಲ, ನೆನಪು ಮಾಡ್ಕೊಳ್ಳಿ!"

ಏನು ಸದ್ದೆಂದು ನೋಡಲು ಓಯ್ವಾ ಒಲೆಯೊಳಕ್ಕೆ ಬಗ್ಗಿದ ಗಳಿಗೆಗೇ ರೈಮೊನ ಕೈಯಿಂದ ಬ್ರಷ್ಷು ಜಾರಿತು. ಇಡೀ ವರ್ಷದ ಮಸಿ ದಬದಬನೆ ಕೆಳಗಿಳಿದು, ಕೋಚ್ ಕೆಮ್ಮುತ್ತಾ ಅಂಗಳಕ್ಕೆ ಬಂದಾಗ ಅವರ ಮುಖದಲ್ಲಿ ಬೆಳ್ಳಗೆ ಉಳಿದಿದ್ದು ಕಣ್ಣುಗಳು ಮಾತ್ರ.

"ಬಿಟ್ಬಿಡೋ ರೈಮೊ," ಎಂದರು ಅವರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮೂರೂವರೆಯಾಗಿತ್ತು. ರೈಮೊ ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದ. "ಮುಗೀತು. ಮೂರನೇವ್ರು ಸಿಗ್ಲಿಲ್ಲ."

ಮಾರ್ಕೆತ್ತಾ ಅವನ ಕೈಯಿಂದ ಕಾಗದ ಕಿತ್ತುಕೊಂಡು ಬರೆಯತೊಡಗಿದಳು. "ನಾನೇನು ಸತ್ತಿದೀನಾ? ಮೂರನೇ ಸಾಲಲ್ಲಿ ಕೂತಿದ್ದೆ. ಐಸಿಗಿಳಿಯೋ ಬಾಗಿಲು ದಾಟುವಾಗ ಮುಗ್ಗರಿಸಿದೆ ನೀನು. ಆಮೇಲೆ ನಿಂತೆ. ಒಬ್ನೇ. ಮೊಣಕಾಲು ನಡುಗ್ತಿತ್ತು. ಇವನನ್ನೇ ಮದುವೆ ಆಗೋದು ಅಂತ ಅವತ್ತೇ ಅಂದ್ಕೊಂಡೆ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳು ಒಮ್ಮೆಯೂ ಆಡಿರಲಿಲ್ಲ. ರೈಮೊ ಮೂಗೊರೆಸಿಕೊಂಡು ಅವಳ ಜೊತೆ ಗಾಡಿ ಹತ್ತಿದ.

ಲೈಬ್ರರಿಯಲ್ಲಿ ಅರ್ಧ ಊರೇ ನೆರೆದಿತ್ತು. ಸಿರ್ಕ್ಕಾ ಟೀಚರ್ ಮೂರು ಹೇಳಿಕೆಗಳನ್ನೂ ಓದಿ, ಮಾರ್ಕೆತ್ತಾಳದನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ಇದು ನಿಜ ಅಂತ ಕಾಣ್ಸುತ್ತೆ. ಆದ್ರೆ ನೋಡು ರೈಮೊ, ಇದು ಆವತ್ತಿನ ಪಂದ್ಯದ ಅಧಿಕೃತ ಹಾಳೆ. ಎರಡನೇ ಕೀಪರ್ ಅಂತ ಇರೋದು ಬೇರೆಯವನ ಹೆಸರು. ಹಾಳೇಲಿ ಹೆಸರಿಲ್ಲದವನು ಐಸಿಗೆ ಇಳಿದಿದ್ರೆ ಗೆಲುವು ರದ್ದು. ನಿನ್ನ ಹೆಸರು ಸೇರಿಸ್ತೀನಿ. ಆದ್ರೆ ಆಗ ನಾವು ಗೆದ್ದ ಕಪ್ಪು ಎದುರು ತಂಡಕ್ಕೆ ಹೋಯ್ತು ಅಂತಲೂ ಬರೀಬೇಕಾಗುತ್ತೆ."

ಹಿಂದಿನಿಂದ ಯಾರೋ ಕೆಮ್ಮಿದರು, ಎಲ್ಲರೂ ತಿರುಗಿದರು.

ಬಾಗಿಲಲ್ಲಿ ಮಸಿ ಮೆತ್ತಿದ ಓಯ್ವಾ ನಿಂತಿದ್ದರು. "ಕೊನೇ ಪಂದ್ಯಕ್ಕೆ ಅಂತ ಹಾಳೇಲಿ ಬೇರೆಯವನನ್ನ ಬರೆಸಿದ್ದೆ, ಅವನಿಗೆ ಜ್ವರ ಬಂತು. ಕೊನೇ ಗಳಿಗೇಲಿ ಇವನನ್ನ ಕೂರಿಸ್ದೆ, ಹೆಸರು ಬದಲಾಯಿಸೋದು ಮರೆತೆ. ಮುಖವಾಡದೊಳಗೆ ಯಾರಿದಾರೆ ಅಂತ ಯಾರೂ ನೋಡ್ಲಿಲ್ಲ. ತಪ್ಪು ನಂದು. ರೈಮೊ, ನಿಂಗೆ ಹೇಗೆ ಬೇಕೋ ಹಾಗೆ ಬರೆಸು."

ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರೈಮೊ ಸುತ್ತ ನೋಡಿದ. ಆ ಕಪ್ಪಿನ ದಿನ ಇವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತಿದ್ದರು. ಜೀವಮಾನದಲ್ಲಿ ಅಳದ ಜನ. ಹೆಲ್ವಿ ಬೆರಳು ಕಚ್ಚಿಕೊಂಡಿದ್ದಳು. ತೈಸ್ಟೊ ನೆಲ ನೋಡುತ್ತಿದ್ದ. ಮಾರ್ಕೆತ್ತಾ ಒಬ್ಬಳೇ ಗಂಡನನ್ನು ನೋಡುತ್ತಿದ್ದಳು.

ರೈಮೊ ಪೆನ್ನೆತ್ತಿಕೊಂಡು ಬರೆದ: "ನಾನು ಯಾವ ಪಂದ್ಯದಲ್ಲೂ ಐಸಿನ ಮೇಲೆ ಕಾಲಿಟ್ಟಿಲ್ಲ." ಸಹಿಯೂ ಮಾಡಿದ. ಮನಸ್ಸು ವಿಚಿತ್ರವಾಗಿ ಹಗುರಾಗಿತ್ತು. ನೋಡಿದವಳು ನೋಡಿದ್ದಳಲ್ಲ, ಸಾಕು ಅನ್ನಿಸಿತು.

ಸಿರ್ಕ್ಕಾ ಚೀಟಿ ಓದಿ ತಮ್ಮ ಕಾಗದಗಳನ್ನು ಸರಸರ ತಿರುವಿದರು. ಇದ್ದಕ್ಕಿದ್ದ ಹಾಗೆ ಮುಖ ಅರಳಿತು.

"ತಡಿ, ತಡಿ! ನಲವತ್ತು ಪಂದ್ಯ ಬೆಂಚು, ಐಸಿನ ಮೇಲೆ ಸೊನ್ನೆ ಸೆಕೆಂಡು! ಲೀಗಿನ ಇಡೀ ಚರಿತ್ರೇಲಿ ಹೀಗೆ ಬೆಂಚಲ್ಲೇ ಕಳೆದಿದ್ದು ಇದುವರೆಗೆ ಹೆಚ್ಚೆಂದ್ರೆ ಮೂವತ್ತೊಂದು ಪಂದ್ಯ. ರೈಮೊ, ಇದು ದಾಖಲೆ! ಪಟ್ಟಿಯಲ್ಲಲ್ಲ, ನಿಂಗೆ ಪೂರ್ತಿ ಒಂದು ಪುಟಾನೇ ಕೊಡ್ತೀನಿ, ಫೋಟೋ ಸಮೇತ. 'ಒಮ್ಮೆಯೂ ಆಡದ ಆಟಗಾರ' ಅಂತ ತಲೆಬರಹ. ನಿನ್ನ ಕೈಬರಹದ ಈ ಚೀಟೀನೂ ಹಾಗ್ಹಾಗೇ ಅಚ್ಚು ಹಾಕಿಸ್ತೀನಿ."

ರೈಮೊ ಚೀಟಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದ. ಟೀಚರ್ ಅದನ್ನು ಆಗಲೇ ಫೈಲಿಗೆ ಸೇರಿಸಿಯಾಗಿತ್ತು.

"ಇದಕ್ಕೂ ಮೂರು ಜನ ಸಾಕ್ಷಿ ಬೇಕಾಗುತ್ತೆ," ಎಂದರು ಟೀಚರ್.

"ನಾವಿಲ್ವಾ!" ಹೆಲ್ವಿ ಜನರನ್ನು ನೂಕಿಕೊಂಡು ಮುಂದೆ ಬಂದಳು. "ಪೆನ್ನು ಕೊಡಿ ಟೀಚರ್. ಕಾಲಿಡೋದಿರ್ಲಿ, ಐಸಿನ ಕಡೆ ತಿರುಗಿ ಕೂಡ ನೋಡಿಲ್ಲ ಇವನು. ನನ್ನ ಕಣ್ಣಾರೆ ಕಂಡಿದೀನಿ!"