ಬಾಟಲಿ ಬಾಳೆಯ ಬೆಳವಣಿಗೆ: ಸೊನ್ನೆ

ಪ್ರಭುರಾಜ: ಸೊನ್ನಿ, ಸೊನ್ನಿ, ಮತ್ತ ಸೊನ್ನಿ! ಅಮೃತಾ ಮೇಡಂ, ಇದು ಬೆಳವಣಗಿ ರಜಿಸ್ಟರೋ, ನನ್ನ ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ಸ್ ಕಾರ್ಡೋ?

ಭಾಗ್ಯನಗರದ ಬಾಳೆ ಟಿಶ್ಯೂ ಕಲ್ಚರ್ ಲ್ಯಾಬಿನ ಮಾಲೀಕ ಪ್ರಭುರಾಜನಿಗೆ ಸಿಟ್ಟು ಬಂದರೆ ಮರ್ಯಾದೆ ಉಕ್ಕುತ್ತದೆ. 'ಮೇಡಂ' ಅಂದನೆಂದರೆ ಕೆಲಸ ಹೋಯಿತೆಂದೇ ಅರ್ಥ. ಸಸಿಗಳ ಬೆಳವಣಿಗೆ ಅಳೆದು ಬರೆಯುವ ಕೆಲಸ ಅಮೃತಾಳದು. ಗಾಜಿನ ಬಾಟಲಿಯ ಮುಚ್ಚಳ ತೆಗೆದರೆ ಒಳಗಿನ ಸಸಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಅವಳು ಪ್ರತಿ ಸೋಮವಾರ ಸಸಿಯ ತುದಿಗೆ ಸರಿಯಾಗಿ ಗಾಜಿನ ಮೇಲೊಂದು ಕರಿ ಚುಕ್ಕೆ ಇಟ್ಟು, ಶನಿವಾರ ಸಸಿ ಚುಕ್ಕೆ ದಾಟಿ ಎಷ್ಟು ಬೆಳೆದಿದೆ ಎಂದು ಅಳೆಯುತ್ತಿದ್ದಳು. ಇನ್ನೂರು ಬಾಟಲಿಗಳಲ್ಲಿ ಒಂದು ಸಸಿಯೂ ಮೂರು ವಾರದಿಂದ ಚುಕ್ಕೆ ದಾಟಿರಲಿಲ್ಲ!

ಅಮೃತಾ: ಸರ್, ಔಷಧಿ ಸರಿ ಐತ್ರಿ, ಲೈಟ್ ಸರಿ ಐತ್ರಿ...

ಪ್ರಭುರಾಜ: ಎಲ್ಲಾ ಸರಿ ಐತಿ, ಸಸಿಗೇ ಬೆಳ್ಯಾಕ ಮನಸ್ಸಿಲ್ಲ! ಸಿದ್ದಾಪುರದ ರೈತ್ರಿಗೆ ಏನ್ ಹೇಳ್ಲಿ? ಗೊನಿ ಬರೂದಿಲ್ಲ, ಶೋಕೇಸಿನ್ಯಾಗ ಇಟ್ಕೊಳ್ರಿ ಅನ್ಲೇನು? ಸಣ್ಣವ್ವಾ, ಎಲ್ಲಾ ತಿಪ್ಪಿಗೆ ಚೆಲ್ಲು. ಹಿಂದಿಂದ ಮೇಡಂ ಅವ್ರೂ ಮನಿಗೆ ಹೊಕ್ಕಾರ.

ಬಾಟಲಿ ತೊಳೆಯುವ ಸಣ್ಣವ್ವ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

ಸಣ್ಣವ್ವ: ಯಾಕ್ರೀ ಸಾವ್ಕಾರ? ದೃಷ್ಟಿ ತಾಗಬಾರ್ದಂತ ದಿನಾ ಬೊಟ್ಟು ಹಚ್ಚಿ ಜ್ವಾಕಿ ಮಾಡಿದ್ದು ಚೆಲ್ಲಾಕೇನು?

ಅಮೃತಾ: ಬೊಟ್ಟು? ಯಾವ ಬೊಟ್ಟು?

ಸಣ್ಣವ್ವ: ನೀನ ಸೋಮವಾರ ಇಡ್ತಿಯಲ್ಲವ್ವಾ, ಕರೀದು. ಇಟ್ಟು ಮರತ ಬಿಡ್ತಿ! ಎರಡು ದಿನಕ್ಕ ಕೂಸು ಬೆಳದು, ಹಣಿ ಬೊಟ್ಟು ಗದ್ದಕ್ಕ ಇಳಿದಿರತೈತಿ. ಪಾಪ, ಓದಿದ ಹುಡುಗಿ, ಇಂಥಾದ್ದೆಲ್ಲಾ ತಿಳಿಯೂದಿಲ್ಲ ಅಂತ ನಾನ ಒರಸಿ, ನಿನ್ನ ಪೆನ್ನಿಲೆ ಮತ್ತ ತಲಿಗೆ ಸರಿಯಾಗಿ ಇಡ್ತೀನಿ.

ಅಮೃತಾ ಸ್ಟೂಲಿನ ಮೇಲೆ ಕೂತಳು. ನಗು ಬಂತು, ಅಳುವೂ ಬಂತು.

ಅಮೃತಾ: ಅಯ್ಯ ನಮ್ಮವ್ವ! ಮೂರು ವಾರದಿಂದ ನಾ ಅಳತಿ ಮಾಡಿದ್ದು ನಿನ್ನ ಬೊಟ್ಟೇನು!

ಪ್ರಭುರಾಜ: ಅಂದ್ರ... ಸಸಿ ಬೆಳದಾವ?

ಸಣ್ಣವ್ವ ಒಂದು ಬಾಟಲಿ ಎತ್ತಿ ಅವನ ಮೂಗಿಗೆ ಹಿಡಿದಳು. ಎಲೆಗಳು ಮುಚ್ಚಳಕ್ಕೆ ತಾಗಿ ಮಡಚಿಕೊಂಡಿದ್ದವು.

ಸಣ್ಣವ್ವ: ಅಕಿ ಬೊಟ್ಟು ನೋಡ್ಯಾಳ, ನೀವು ರಜಿಸ್ಟರ್ ನೋಡೀರಿ. ಇಬ್ಬರೊಳಗ ಒಬ್ಬರರ ಕೂಸಿನ ಮಾರಿ ನೋಡೀರೇನ್ರೀ?

ಪ್ರಭುರಾಜ ರಜಿಸ್ಟರ್ ಮುಚ್ಚಿ ಕೆಮ್ಮಿದ.

ಪ್ರಭುರಾಜ: ಏ ಅಮೃತಾ, ಆ ಪೆನ್ನು ಕಪಾಟಿನ್ಯಾಗ ಇಟ್ಟು ಕೀಲಿ ಹಾಕು!

'ಮೇಡಂ' ಹೋಗಿ 'ಏ' ಬಂದದ್ದೇ ತಡ, ಅಮೃತಾಳಿಗೆ ಹೋದ ಜೀವ ಬಂದಂತಾಯಿತು. ಕೀಲಿ ಹುಡುಕಲು ಎದ್ದಳು.

ಸಣ್ಣವ್ವ: ಹಾಕ್ರಿ, ಹಾಕ್ರಿ. ನನ್ನ ಕಡೆ ಕಾಡಿಗಿ ಐತಿ.