ಅಯ್ಯನವರ ಕಾಲಿಗೆ ಲೇಸರ್

ದೇವರು ನನಗೆ ಕೊಟ್ಟ ಕೂದಲಿನ ಒಟ್ಟು ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಹಂಚುವಾಗ ಮಾತ್ರ ಅವನ ಕೈ ತಪ್ಪಿದೆ. ತಲೆಗೆ ಹಾಕಬೇಕಾದ್ದನ್ನೆಲ್ಲ ಕಾಲಿಗೆ ಸುರಿದುಬಿಟ್ಟಿದ್ದಾನೆ. ಮದುವೆಯಾಗುವ ಹೊತ್ತಿಗೇ ನನ್ನ ನೆತ್ತಿ ಬಯಲಾಗಿತ್ತು. ಮೊಳಕಾಲಿನ ಕೆಳಗೆ ಮಾತ್ರ ಮಳೆ ಬರಲಿ ಬಿಡಲಿ, ಬೆಳೆ ಹುಲುಸು. ಬೇರೆ ಗಂಡಸರಿಗೆ ಇದು ಚಿಂತೆಯೇ ಅಲ್ಲ, ಪ್ಯಾಂಟು ಏರಿಸಿದರೆ ಮುಗಿಯಿತು. ನನ್ನ ಹಣೆಬರಹ ಹಾಗಲ್ಲ. ನಾನು ಅಯ್ಯನವರ ಮನೆತನದವನು. ಮೂಡಲಗಿಯ ಒಂದು ಸೊಸೈಟಿಯಲ್ಲಿ ಅರ್ಜಿಗಳಿಗೆ ಸಿಕ್ಕೆ ಒತ್ತುವುದು ನನ್ನ ಹೊಟ್ಟೆಪಾಡು. ಆದರೆ ಓಣಿಯಲ್ಲಿ ಯಾರದೇ ಮನೆಯ ವಾಸ್ತುಶಾಂತಿಯಾಗಲಿ, ಜಾವಳವಾಗಲಿ, ಶ್ರಾವಣ ಸೋಮವಾರವಾಗಲಿ, ನನ್ನನ್ನು ಕರೆದು ಮಣೆಯ ಮೇಲೆ ಕೂರಿಸಿ, ಎರಡೂ ಕಾಲನ್ನು ಹಿತ್ತಾಳೆ ತಟ್ಟೆಯಲ್ಲಿ ಇಡಿಸಿ, ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ನೀರನ್ನೇ ಪಾದೋದಕವೆಂದು ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ನಮ್ಮಪ್ಪನ ಕಾಲನ್ನೂ ಹೀಗೇ ತೊಳೆದರು, ನಮ್ಮಜ್ಜನ ಕಾಲನ್ನೂ ತೊಳೆದರು. ಅವರ ಕಾಲು ಸುಲಿದ ಬಾಳೆದಿಂಡಿನ ಹಾಗೆ ನುಣ್ಣಗಿದ್ದವು. ನನಗೆ ಹೆಸರು ಇಟ್ಟದ್ದಾದರೂ ಏನು? ಗುರುಪಾದಯ್ಯ. ಕಾಲು ನೋಡಿ ಇಟ್ಟ ಹೆಸರಲ್ಲ ಎಂಬುದು ಮಾತ್ರ ಖರೆ.

ಪತ್ರಿ ಏರಿಸುವುದೆಂದೆನಲ್ಲ, ಅದೂ ಒಂದು ಫಜೀತಿ. ಬೇರೆ ಅಯ್ಯನವರ ಪಾದದ ಮೇಲೆ ಇಟ್ಟ ಬಿಲ್ವಪತ್ರಿ ಸ್ವಲ್ಪ ಹೊತ್ತಿಗೆ ಜಾರಿ ಕೆಳಗೆ ಬೀಳುತ್ತದೆ. ನನ್ನ ಕಾಲಿನ ಮೇಲಿಟ್ಟದ್ದು ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಪೂಜೆ ಮುಗಿಸಿ, ಊಟ ಮಾಡಿ, ಸೈಕಲ್ ಮೋಟರ್ ಹತ್ತಿ ಮನೆಗೆ ಬಂದರೂ ಇರುತ್ತದೆ. ಹೆಂಡತಿ ಗಿರಿಜಾ ಬಾಗಿಲಲ್ಲೇ ನಿಂತು ಒಂದೊಂದಾಗಿ ಬಿಡಿಸಿ ತುಳಸಿಕಟ್ಟೆಗೆ ಹಾಕುತ್ತಾಳೆ. "ನಿಮ್ಮ ಕಾಲಾಗ ಸಂತಿ ಮಾಡಿದಂಗ ಆಗೈತ್ರೀ" ಅನ್ನುತ್ತಾಳೆ. ಇಷ್ಟು ವರ್ಷ ನಾನೂ ನಕ್ಕು ಸುಮ್ಮನಿದ್ದೆ.

ನಗು ಹೋದದ್ದು ಹುಕ್ಕೇರಿಯಲ್ಲಿ. ಅದು ಗಿರಿಜಾಳ ತವರು. ತವರಿನ ಬಾಜೂ ಮನೆಯವರು ಹೊಸ ಮನೆ ಕಟ್ಟಿಸಿದ್ದರು. "ಹೆಂಗೂ ಅಳಿಯಂದ್ರು ಬಂದಾರ, ಅವರನ್ನ ಕೂಡಸೂಣ" ಎಂದು ನನ್ನನ್ನೇ ಮಣೆಗೆ ಹತ್ತಿಸಿದರು. ಯಜಮಾನ ಸಂಕೇಶ್ವರದ ಕಡೆ ನೌಕರಿ ಮಾಡುವ ಮನುಷ್ಯ, ಬಹಳ ಶಿಸ್ತಿನವ, ಅಂಗಿಯ ಇಸ್ತ್ರಿ ಮುರಿಯದ ಹಾಗೆ ಕೂರುವವ. ಶ್ರದ್ಧೆಯಿಂದಲೇ ತೊಳೆದ. ಪಾದೋದಕವನ್ನು ಅಂಗೈಗೆ ಹಾಕಿಕೊಂಡು ಬಾಯಿಯ ತನಕ ಒಯ್ದವನು ಅಲ್ಲೇ ತಡೆದ. ಎಡಗೈಯ ಎರಡು ಬೆರಳಿನಿಂದ ಉದ್ದನೆಯದೊಂದು ಗುಂಗುರು ಕೂದಲನ್ನು ಎತ್ತಿದ. ಕೆಳಗೆ ಒಗೆಯೋಣವೆಂದರೆ ಹೊಸ ಮನೆ, ಪೂಜೆಯ ಜಾಗ. ತಟ್ಟೆಗೇ ಹಾಕೋಣವೆಂದರೆ ಹಿಂದೆ ಮಂದಿ ಕಾಯುತ್ತಿದ್ದಾರೆ. ನೆಲ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಅದನ್ನು ತನ್ನ ಇಸ್ತ್ರಿ ಅಂಗಿಯ ಜೇಬಿನೊಳಗೆ ಇಟ್ಟುಕೊಂಡ. ಬೈದಿದ್ದರೆ ನಾನು ಸಹಿಸುತ್ತಿದ್ದೆ. ಆ ಜೇಬು ನನ್ನನ್ನು ಕೊಂದುಹಾಕಿತು.

ವಾಪಸು ಬರುವಾಗ ಘಟಪ್ರಭಾ ದಾಟಿದ ಮೇಲೆ ಗಿರಿಜಾಳೇ ಮಾತು ತೆಗೆದಳು: "ನನ್ನ ಪಲ್ಯಾದಾಗ ಒಂದ ಕೂದಲ ಸಿಕ್ಕರ ತಾಟ ದೂಡಿ ಎದ್ದ ಹೋಗ್ತಿದ್ರಿ. ಈಗ ತಿಳೀತೇನ್ರಿ?" ಹೆಂಡತಿಯಿಂದ ಸಮಾಧಾನ ಬಯಸುವುದು ನಮ್ಮಂಥವರ ದಡ್ಡತನ. ಅವಳು ಎಲ್ಲವನ್ನೂ ನೆನಪಿಟ್ಟಿರುತ್ತಾಳೆ.

ಇನ್ನು ಲಕ್ಕವ್ವನ ವಿಚಾರ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಲಕ್ಕವ್ವ ನಮ್ಮ ಹಿತ್ತಲ ಗೋಡೆಗೆ ಹತ್ತಿದ ಮನೆಯ ಮುದುಕಿ. ಕುರುಬರವಳು, ಮಕ್ಕಳು ಇವತ್ತಿಗೂ ಕುರಿ ಹೊಡಕೊಂಡು ಊರೂರು ತಿರುಗುತ್ತಾರೆ. ಅವಳ ಅತ್ತೆ ನಮ್ಮಜ್ಜನ ಕಾಲು ತೊಳೆದವಳು, ಅವಳು ನಮ್ಮಪ್ಪನ ಕಾಲು ತೊಳೆದವಳು, ಈಗ ನನ್ನ ಸರದಿ. ಅವಳ ಮೊಳಕಾಲು ಸವೆದು ಹೋಗಿವೆ. ನೆಲಕ್ಕೆ ಕೂರಬೇಕಾದರೆ ಮೊದಲು ಗೋಡೆ, ಆಮೇಲೆ ಕಂಬ, ಆಮೇಲೆ "ಯಪ್ಪಾ ಶಿವನ" ಎಂಬ ಉಸಿರು, ಇಷ್ಟೂ ಬೇಕು. ಆದ್ದರಿಂದ ಶ್ರಾವಣದ ಕೊನೆಯ ಸೋಮವಾರ ಒಂದೇ ದಿನ ಅವಳ ಪೂಜೆ. ಉಳಿದವರು ನನ್ನ ಕಾಲನ್ನು ರೂಢಿಗೆ ತೊಳೆಯುತ್ತಾರೆ. ಖರೇ ಖರೇ ನಂಬಿ ತೊಳೆಯುವವಳು ಇವಳೊಬ್ಬಳೇ. ಹುಕ್ಕೇರಿಯವನ ಕಣ್ಣಲ್ಲಿ ಸಣ್ಣವನಾದೆ, ಆಗಲಿ. ಲಕ್ಕವ್ವನ ಅಂಗೈಯಲ್ಲಿ ಮಾತ್ರ ನನ್ನ ಕೂದಲು ಸಿಗಬಾರದು ಎಂದು ನಿರ್ಧಾರ ಮಾಡಿದೆ.

ಮೊದಲು ರೇಜರ್ ಹಿಡಿದೆ. ಲಕ್ಕವ್ವನ ಮನೆಯಲ್ಲಿ ಮರಿಮಗನ ಜಾವಳವಿತ್ತು. ಅಲ್ಲಿ ಕೂಸಿನ ತಲೆ ಬೋಳಿಸುವ ಮುಂಚೆಯೇ ಇಲ್ಲಿ ಬಚ್ಚಲಲ್ಲಿ ನನ್ನ ಕಾಲು ಬೋಳಾಗಿದ್ದವು. ಕೂಸು ಅತ್ತಿತು, ನಾನು ಹಲ್ಲು ಕಚ್ಚಿ ತಡೆದೆ, ಅಷ್ಟೇ ವ್ಯತ್ಯಾಸ. ಆದರೆ ನಾನು ಬೋಳಿಸಿಕೊಂಡ ಮೇಲೆ ಜಾವಳ ಒಂದು ದಿನ ಮುಂದೆ ಹೋಗಿತ್ತು. ಅಷ್ಟರಲ್ಲಿ ಮೋಟುಗಳು ಎದ್ದುಬಿಟ್ಟವು. ನಮಸ್ಕಾರಕ್ಕೆಂದು ಬಾಗಿ ಹಣೆ ಹಚ್ಚಿದ ಲಕ್ಕವ್ವ ಚಟ್ಟನೆ ತಲೆ ಎತ್ತಿದಳು. "ಅಯ್ಯಯ್ಯ, ಜ್ವಾಳದ ಕೂಳಿ ಚುಚ್ಚಿದಂಗ ಚುಚ್ಚತಾವಲ್ರೀ ಅಯ್ಯನವರ" ಎಂದು ಹಣೆ ತಿಕ್ಕಿಕೊಂಡಳು. ಭಕ್ತರ ಹಣೆಗೆ ಗಾಯ ಮಾಡುವ ಪಾದ ಯಾವ ಪುರಾಣದಲ್ಲೂ ಇಲ್ಲ.

ಆಗಲೇ ನನ್ನ ಮೊಬೈಲಿನಲ್ಲಿ ಆ ಜಾಹೀರಾತು ಕಂಡದ್ದು. ಕಾಲಿನ ಕೂದಲಿಗೆ ಶಾಶ್ವತ ಪರಿಹಾರ, ಲೇಸರ್, ಗೋಕಾಕದಲ್ಲೇ. ಜಾಹೀರಾತಿನ ಕಾಲು ಹೆಂಗಸಿನದು, ನೋಡಲು ಸಂಕೋಚವಾಯಿತು. ಆದರೂ ನೋಡಿದೆ. ಒಂದು ಸಲ ನೋಡಿದ ಪಾಪಕ್ಕೆ ಮೊಬೈಲು ದಿನಾ ಅದನ್ನೇ ತೋರಿಸತೊಡಗಿತು. ಕೊನೆಗೆ ಲಕ್ಕವ್ವನ ಸೋಮವಾರಕ್ಕೆ ಹದಿನೈದು ದಿನ ಇದ್ದಾಗ ಸೊಸೈಟಿಗೆ ರಜೆ ಹಾಕಿ, ಮನೆಯಲ್ಲಿ ಕರದಂಟು ತರುತ್ತೇನೆಂದು ಹೇಳಿ, ಗೋಕಾಕಕ್ಕೆ ಹೋದೆ.

ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ. ಒಳಗೆ ಕೂತವರೆಲ್ಲ ಹೆಣ್ಣುಮಕ್ಕಳು, ಗಂಡಸು ನಾನೊಬ್ಬನೇ. ಬಾಜೂ ಕೂತ ಅಕ್ಕ ಅಂತಃಕರಣದಿಂದ ಕೇಳಿದಳು: "ನಿಮ್ಮ ಮನಿಯವರು ಒಳಗ ಅದಾರೇನ್ರಿ?" ಹೌದೆಂದು ತಲೆ ಆಡಿಸಿದೆ. ಅದೇ ಕ್ಷಣಕ್ಕೆ ಬಾಗಿಲು ತೆರೆದು ಒಬ್ಬಳು ಹುಡುಗಿ ಇಡೀ ಮಾಳಿಗೆಗೆ ಕೇಳುವ ಹಾಗೆ ಕೂಗಿದಳು: "ಗುರುಪಾದಯ್ಯ, ಎರಡೂ ಕಾಲು! ಬರ್ರಿ ಒಳಗ." ಎದ್ದು ಹೋದೆ. ಹಿಂದಿರುಗಿ ಆ ಅಕ್ಕನ ಮುಖ ನೋಡುವ ಧೈರ್ಯ ಆಗಲಿಲ್ಲ.

ಹುಡುಗಿ ಕೊಣ್ಣೂರಿನವಳು, ಚುರುಕಿನವಳು. ಇದ್ದಬದ್ದ ಕೂದಲನ್ನು ನುಣ್ಣಗೆ ಬೋಳಿಸಿ, ತಣ್ಣನೆಯ ಲೋಳೆ ಬಳಿದು, ನನ್ನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳು. ಆಗ ನನ್ನ ಹಣೆಯ ವಿಭೂತಿ ಅವಳಿಗೆ ಕಂಡಿತು. "ಅಯ್ಯನವರೇನ್ರಿ ನೀವು?" ಹೌದವ್ವಾ ಎಂದೆ. "ತಡೀರಿ ಹಂಗಾರ" ಎಂದು ಯಂತ್ರ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಆ ಲೋಳೆ ಬಳಿದ ನನ್ನ ಕಾಲಿಗೆ ಎರಡೂ ಕೈ ಹಚ್ಚಿ ನಮಸ್ಕಾರ ಮಾಡಿದಳು. ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋಗಿ, ಲೋಳೆ ನೆನಪಾಗಿ, ಒರೆಸಿಕೊಂಡಳು. ಆಮೇಲೆ ಯಂತ್ರ ಹಿಡಿದು ಅದೇ ಪಾದವನ್ನು ಸುಡಲು ಶುರುಮಾಡಿದಳು. ಆಶೀರ್ವಾದ ಮಾಡಲು ಎತ್ತಿದ ನನ್ನ ಕೈ ಎತ್ತಿದಲ್ಲೇ ಮುಷ್ಟಿಯಾಯಿತು. ರಬ್ಬರ್ ಬ್ಯಾಂಡು ಎಳೆದು ಎಳೆದು ಹೊಡೆದ ಹಾಗೆ ಚಟ್ ಚಟ್ ಎಂದು ಉರಿ. "ಶಿವಾ" ಎಂದೆ. "ಹಂಗ ಅಂತಿರ್ರಿ, ಲಗೂ ಮುಗೀತೈತಿ" ಅಂದಳು.

ಹೊರಡುವಾಗ ಅವಳು ಹೇಳಿದ್ದನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದೆ. "ಬೇರಿನಾಗಿನ ಕೂದಲಾ ಈಗ ಹೋಗೂದಿಲ್ರಿ. ಹತ್ತ ಹದಿನೈದ ದಿನಾ ಆದಮ್ಯಾಲ ತಾನ ಮ್ಯಾಲ ಬಂದ ಉದುರಾಕ ಹತ್ತತೈತಿ, ಗಾಬರಿ ಆಗಬ್ಯಾಡ್ರಿ. ಮತ್ತ ಐದಾರ ಸಲ ಬರಬೇಕು." ತಾನಾಗಿ ಉದುರುತ್ತದೆ ಎಂಬುದಷ್ಟೇ ನನ್ನ ಕಿವಿಗೆ ಸಿಹಿಯಾಯಿತು. ಯಾವಾಗ ಉದುರುತ್ತದೆ, ಎಲ್ಲಿ ಉದುರುತ್ತದೆ ಎಂಬ ವಿಚಾರ ನನ್ನ ಬೋಳು ತಲೆಗೆ ಹೊಳೆಯಲಿಲ್ಲ.

ಕರದಂಟಿನ ಪೊಟ್ಟಣ ಹಿಡಿದು ಮನೆಯೊಳಗೆ ಕಾಲಿಟ್ಟ ಕೂಡಲೇ ಗಿರಿಜಾ ಮೂಗು ಅರಳಿಸಿದಳು. "ಯಾರ ಮನ್ಯಾಗ ಕುರಿ ತಲಿ ಸುಡಾಕತ್ತಾರ?" ಅಯ್ಯನವರ ಮನೆಯ ಪಡಸಾಲೆಯಲ್ಲಿ ಆ ವಾಸನೆ ಬರುವುದು ಸಣ್ಣ ಮಾತಲ್ಲ. ಅವಳು ಕಿಟಕಿ ಮುಚ್ಚಿದಳು, ಬಾಗಿಲು ಮುಚ್ಚಿದಳು, ವಾಸನೆ ಹೆಚ್ಚಾಯಿತು. ವಿಧಿಯಿಲ್ಲದೆ ಪ್ಯಾಂಟಿನ ಅಂಚು ಎತ್ತಿ ತೋರಿಸಿದೆ. ಅವಳು ನೋಡಿದಳು, ಕರದಂಟು ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು, ಮತ್ತೆ ನೋಡಿದಳು. "ನನಗ ಮದುವಿ ಆದಾಗಿಂದ ಒಂದ ಸ್ನೋ ಡಬ್ಬಿ ತಂದ ಕೊಟ್ಟಿಲ್ಲ" ಎಂದಳು.

ಶ್ರಾವಣದ ಕೊನೆಯ ಸೋಮವಾರ ಬಂತು. ಮುಂಜಾನೆ ಎದ್ದು ನೋಡಿಕೊಂಡರೆ ಕಾಲಿನ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕಿ. ಕೈ ಆಡಿಸಿದರೆ ಸಾಪಾಗಿಯೇ ಇತ್ತು. ಧೈರ್ಯ ಮಾಡಿ ಹೋಗಿ ಮಣೆಯ ಮೇಲೆ ಕೂತೆ. ಲಕ್ಕವ್ವ ಗೋಡೆ ಹಿಡಿದಳು, ಕಂಬ ಹಿಡಿದಳು, ಶಿವನನ್ನು ಕರೆದಳು, ಕೂತಳು. ಬೆಚ್ಚನೆಯ ನೀರು ಹಾಕಿ ತನ್ನ ಒರಟು ಅಂಗೈಯಿಂದ ಒಮ್ಮೆ ತಿಕ್ಕಿದಳು ನೋಡಿ, ಅಷ್ಟೇ. ಹದಿನೈದು ದಿನದಿಂದ ಅದಕ್ಕೇ ಕಾದಿದ್ದವೋ ಎಂಬಂತೆ ಚುಕ್ಕಿಗಳೆಲ್ಲ ಒಟ್ಟಿಗೇ ಎದ್ದು ಬಂದವು. ತಟ್ಟೆಯ ನೀರಿನ ಮೇಲೆ ಗುರೆಳ್ಳು ಚೆಲ್ಲಿದ ಹಾಗೆ ಕರ್ರಗೆ ತೇಲಿದವು. ಹುಕ್ಕೇರಿಯಲ್ಲಿ ಒಂದೇ ಒಂದು ಕೂದಲು ಬಿದ್ದದ್ದಕ್ಕೆ ಇಷ್ಟೆಲ್ಲ ಮಾಡಿದ್ದೆ. ಇಲ್ಲಿ ಯಾವ ಜೇಬೂ ಸಾಲುವ ಹಾಗಿರಲಿಲ್ಲ.

"ಕುಡೀಬ್ಯಾಡ ಲಕ್ಕವ್ವಾ, ಚೆಲ್ಲು, ಚೆಲ್ಲಿಬಿಡು" ಎಂದೆ. ಅವಳು ಸೆರಗಿನ ಅಂಚನ್ನು ವಾಟಿ ಬಟ್ಟಲಿನ ಬಾಯಿಗೆ ಹಿಡಿದು, ತಟ್ಟೆಯ ನೀರು ಸೋಸಿ, ಕಣ್ಣಿಗೊತ್ತಿಕೊಂಡು ಕುಡಿದೇಬಿಟ್ಟಳು. "ಕೂದಲಕ್ಕ ಯಾಕ ಅಂಜತೀರಿ? ಹುಟ್ಟಿದಾಗಿಂದ ಕುರಿ ಹಾಲ ಕುಡಿದ ಬೆಳದೇವ್ರಿ ನಾವು. ಕೂದಲಿಲ್ಲದ ಹಾಲ ನಾ ಕಂಡೇ ಇಲ್ಲ. ನಿಮ್ಮ ಅಪ್ಪನವರ ಪಾದೋದಕಾನೂ ಸೋಸೇ ಕುಡೀತಿದ್ದೆ" ಎಂದಳು. ಬಾಳೆದಿಂಡಿನಂಥ ನಮ್ಮಪ್ಪನ ಕಾಲು! ನಾನು ಯಾವ ಅಂಗೈಗೆ ಹೆದರಿ ಕಾಲು ಸುಟ್ಟುಕೊಂಡೆನೋ ಆ ಅಂಗೈಗೆ ಕೂದಲು ಒಂದು ಲೆಕ್ಕವೇ ಆಗಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಲಕ್ಕವ್ವ ತಟ್ಟೆಯನ್ನೇ ನೋಡುತ್ತ ಕೂತಳು. ನನ್ನ ಮೀನಖಂಡದ ಮೇಲೆ ಕೈ ಆಡಿಸಿದಳು, ಇನ್ನಷ್ಟು ಉದುರಿದವು. ಅವಳ ಕಣ್ಣು ತುಂಬಿದವು. "ಕತ್ರಿ ಹಚ್ಚದ ಕುರಿ ಉಣ್ಣೆ ತಾನ ಉದುರಾಕ ಹತ್ತಿತಂದ್ರ ಒಳಗ ಬ್ಯಾನಿ ಐತಿ ಅಂತ ತಿಳೀಬೇಕ್ರಿ. ಅಯ್ಯನವರ, ನಿಮಗೇನಾಗೇತ್ರಿ? ಯಾರಿಗೂ ಹೇಳದ ನುಂಗಾಕತ್ತೀರೇನು?" ಆಗಲೇ ಹೇಳಬೇಕಿತ್ತು. ನಾಲಗೆಯ ತುದಿಗೂ ಬಂತು. ಆದರೆ ಅಜ್ಜನಿಂದ ಅಪ್ಪನಿಂದ ಬಂದ ಆ ಮಣೆಯ ಮೇಲೆ ಕೂತು, ಅಳುತ್ತಿರುವ ಮುದುಕಿಗೆ, ಇದು ರೋಗವಲ್ಲ, ಶೋಕಿಗೆ ಸುಡಿಸಿಕೊಂಡದ್ದು ಎಂದು ಹೇಳಲು ನನ್ನಿಂದಾಗಲಿಲ್ಲ. "ಏನಿಲ್ಲಬೇ" ಎಂದು ಗೊಣಗಿದೆ. ಏನಿಲ್ಲ ಎಂದವನಿಗೆ ಏನೋ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಕೈಯಲ್ಲಿ ಪತ್ರಿ ಹಿಡಿದು ಅಲ್ಲೇ ಹರಕೆ ಹೊತ್ತಳು: ಅಯ್ಯನವರ ಕಾಲಿಗೆ ಮೊದಲಿನ ಹಾಗೆ ಕೂದಲು ಬರುವ ತನಕ ಪ್ರತಿ ಸೋಮವಾರ ಪಾದಪೂಜೆ ಮಾಡುತ್ತೇನೆ.

ಈಗ ಪ್ರತಿ ಸೋಮವಾರ ಗೋಡೆ, ಕಂಬ, ಶಿವ. ಅವಳ ಮೊಳಕಾಲು ಲಟಕ್ ಅನ್ನುವುದು ಮಣೆಯ ಮೇಲೆ ಕೂತ ನನಗೆ ಕೇಳುತ್ತದೆ. ಗಿರಿಜಾಳನ್ನು ಕೇಳಿದೆ, ಖರೆ ಹೇಳಿಬಿಡಲೇ ಎಂದು. "ಹೇಳ್ರಿ. ಆಮ್ಯಾಲ ಆಕಿ ಯಾರ ಕಾಲ ತೊಳೀಬೇಕು ಅನ್ನೂದನ್ನೂ ನೀವ ಹೇಳ್ರಿ" ಅಂದಳು. ಗೋಕಾಕದಿಂದ ಆ ಹುಡುಗಿ ಫೋನು ಮಾಡುತ್ತಾಳೆ, "ಎರಡನೇ ಸಲಕ್ಕ ಯಾವಾಗ ಬರ್ತೀರಿ ಅಯ್ಯನವರ?" ಅಂತ. ಎತ್ತುವುದನ್ನೇ ಬಿಟ್ಟಿದ್ದೇನೆ. ದಿನಾ ಮುಂಜಾನೆ ಬಿಸಿಲಿಗೆ ಕೂತು ಎರಡೂ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತೇನೆ, ತಲೆಗೂ ಇಷ್ಟು ಎಣ್ಣೆ ಹಚ್ಚಿದವನಲ್ಲ. ಸುಡುವುದಕ್ಕೆ ಮಾಳಿಗೆ ಹತ್ತಿದವನು ಈಗ ಒಂದು ಕೂದಲಿಗೆ ಬಾಯಿ ಬಾಯಿ ಬಿಡುತ್ತಿದ್ದೇನೆ.

ಮೊನ್ನೆ ಎಡಗಾಲಿನ ಹರಡಿನ ಗಂಟಿನ ಹತ್ತಿರ ಒಂದು ಕೂದಲು ಬಂದಿತ್ತು. ಗಿರಿಜಾಳನ್ನು ಕೂಗಿ ತೋರಿಸಿದೆ. ಸೋಮವಾರ ಲಕ್ಕವ್ವ ಅದನ್ನು ತಾನೇ ಕಂಡು ಹಿಡಿದಳು, ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಬಂತ್ರೀ ಅಯ್ಯನವರ, ಬಂತು! ದೇವರ ಕಣ್ಣ ತೆರದ" ಎಂದು ಪ್ರೀತಿಯಿಂದ ಸೆರಗಿನಲ್ಲಿ ಒರೆಸಿದಳು. ಸೆರಗು ತೆಗೆದಾಗ ಅದು ಕಾಲಿನ ಮೇಲೆ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು. ನನ್ನ ಮುಖ ನೋಡಿ ಅವಳಿಗೆ ಕರುಳು ಚುರ್ರೆಂದಿರಬೇಕು. ಬಲಗಾಲಿಗೆ ನೀರು ಬಗ್ಗಿಸುತ್ತ, "ಹೆದರಬ್ಯಾಡ್ರಿ, ನಾ ಇರೂತನಾ ಬಿಡೂದಿಲ್ಲ" ಅಂದಳು. ನನ್ನ ಹೆದರಿಕೆಯೇ ಅದೆಂದು ಯಾವ ಬಾಯಿಂದ ಹೇಳಲಿ? ಸುಮ್ಮನೆ ಎಡಗಾಲನ್ನೂ ತಟ್ಟೆಯಲ್ಲಿಟ್ಟೆ.