ನಮ್ಮಕ್ಕ ಭಾರೀ ಪಾಪದವಳು!

ನಮ್ಮಕ್ಕನಂಥ ಬಡವಿ ಈ ಮೂಡುಬಿದಿರೆಯಲ್ಲಿ ಇನ್ನೊಬ್ಬಳಿಲ್ಲ. ಚಿನ್ನ ಇದೆ, ಪೆನ್ಶನ್ ಇದೆ, ಈ ವಯಸ್ಸಿನಲ್ಲೂ ಹಲ್ಲು ಸ್ವಂತದ್ದೇ. ಇಲ್ಲದ್ದು ಒಂದೇ: ಪಾಪ! ಕನ್ಫೆಷನ್ನಿನಲ್ಲಿ ಹೇಳಿಕೊಳ್ಳಲು ಒಂದು ನೆಟ್ಟಗಿನ ಪಾಪ ಅವಳ ಬಳಿ ಎಂದೂ ಇರಲಿಲ್ಲ.

ಹಾಗಂತ ಸುಮ್ಮನಿರುವವಳೇ? ಕಾನ್ವೆಂಟಿನ ಸಿಸ್ಟರುಗಳು ಏಳು ಸಂಸ್ಕಾರಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಮೊದಲು ಕನ್ಫೆಷನ್, ಆಮೇಲೆ ಕಮ್ಯೂನಿಯನ್. ನೋ ಶಾರ್ಟ್‌ಕಟ್! ನನ್ನ ತಲೆಯಿಂದ ಅದು ಬೇಗ ಜಾರಿತು; ಅವಳ ತಲೆಯಲ್ಲಿ ಬೇರು ಬಿಟ್ಟು ಕುಳಿತಿತು. ಪ್ರತಿ ಶನಿವಾರ ಸಂಜೆ ಇಗರ್ಜಿಗೆ ಹೋಗುವ ರಿಕ್ಷಾದಲ್ಲಿ ಶುರು:

"ಏ, ನಿನ್ನದೊಂದು ಪಾಪ ಇದ್ರೆ ಕೊಡೇ. ನಂಗೆ ಒಂದೂ ಸಿಗುದಿಲ್ಲ."

"ಮೀನಿನವಳಿಗೆ ಬೈದೆ. ಹಳೇ ಬೂತಾಯಿ ಕೊಟ್ಟಳು ಅಂತ."

"ಸಾಕು. ಅದು ನಂಗೆ."

ಅಕ್ಕನ ಪಿಸುಮಾತೆಂದರೆ ಕಿವಿ ಮಂದವಾದವರ ಪಿಸುಮಾತು, ಕೊನೆಯ ಬೆಂಚಿಗೂ ಸ್ಪಷ್ಟ! ನನ್ನ ಬೂತಾಯಿಯ ಸಂಗತಿ ಇಡೀ ಇಗರ್ಜಿಗೆ ಗೊತ್ತಾಯಿತು. ಹೊರಗೆ ಬಂದವಳು ಸೆರಗು ಸರಿಮಾಡಿಕೊಂಡು, "ನಿನ್ನದೂ ಸೇರಿ ಮುಗೀತು. ಮನೆಗೆ ಹೋಗುವ" ಎಂದಳು. ಎಷ್ಟು ಎಂಬರಾಸಿಂಗ್!

ಹೊಸ ಫಾದರ್ ಬಂದರು, ಹಾಸನ ಕಡೆಯವರು. ಅಕ್ಕನನ್ನು ರಿಕ್ಷಾದಿಂದ ಇಳಿಸುತ್ತಿದ್ದ ಡ್ರೈವರ್ ಹಮೀದ್ ತಾನೇ ಮುಂದಾಗಿ ಪರಿಚಯ ಮಾಡಿಸಿದ: "ಫಾದರೇ, ನಮ್ಮ ಈ ಬಾಯಮ್ಮ ಭಾರೀ ಪಾಪದವರು!"

ನಮ್ಮ ಕಡೆ ಪಾಪದವರು ಎಂದರೆ ಸಾಧು, ಯಾರ ತಂಟೆಗೂ ಹೋಗದವರು. ಹಾಸನದವರಿಗೆ ಅದು ಹೇಗೆ ಗೊತ್ತಾಗಬೇಕು? ಫಾದರ್ ಗಾಬರಿಯಾಗಿ, "ಹಂಗೆಲ್ಲ ಅನ್ನಬಾರದಪ್ಪಾ! ದೇವರು ಕ್ಷಮಿಸ್ತಾನೆ" ಎಂದರು. ಹಮೀದ್ ಕಂಗಾಲು. ಅಕ್ಕನ ಮುಖ ಮಾತ್ರ ಅರಳಿತು. ಕೊನೆಗೂ ಅವಳ ಪಾಪಕ್ಕೆ ಒಬ್ಬ ಸಾಕ್ಷಿ ಸಿಕ್ಕಿದ್ದ!

ಆಮೇಲೆ ಮರೆವು ಬಂತು. ಮೊದಮೊದಲು ಅದೂ ತಮಾಷೆಯೇ. ಕನ್ಫೆಷನ್ ಮುಗಿಸಿ ಬಂದವಳು ಪುನಃ ಸಾಲಿನ ಕೊನೆಗೆ ನಿಲ್ಲುತ್ತಿದ್ದಳು. "ಈಗಷ್ಟೇ ಬಂದಿದ್ರಲ್ಲಮ್ಮಾ?" ಎಂದು ಫಾದರ್ ಕೇಳಿದರೆ, "ಅದು ಬೇರೆ ಯಾರೋ, ನನ್ನ ಹಾಗೆ ಕಾಣ್ತಾರೆ" ಎನ್ನುವುದು! ನಕ್ಕೆವು. ಮತ್ತೆ ಊರವರ ಹೆಸರುಗಳು ಹೋದವು, ಜಪಸರ ಹಿಡಿದು ತೇರ್ಸ ಹೇಳುವುದು ಹೋಯಿತು, ಕೊನೆಗೆ ನಾನೂ ಹೋದೆ. ಈಗ ನಾನು ಅವಳಿಗೆ ಗಂಜಿ ಕೊಡುವ ಯಾವಳೋ ಹೆಂಗಸು.

ಹೋಗದೆ ಉಳಿದದ್ದು ಒಂದು ಭಯ. ಏನೋ ದೊಡ್ಡ ಪಾಪ ಮಾಡಿದ್ದಾಳಂತೆ, ಯಾವುದೆಂದು ಮರೆತಿದೆಯಂತೆ. ಅದನ್ನು ಹೇಳದೆ ಕಮ್ಯೂನಿಯನ್ ಹೇಗೆ? ಫಾದರ್ ಮನೆಗೇ ಪರಮಪ್ರಸಾದ ತಂದರೂ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ಜೀವಮಾನವಿಡೀ ಅದಕ್ಕೇ ಹಸಿದಿದ್ದವಳು! "ನಿಂಗೆ ಪಾಪವೇ ಇಲ್ಲ ಮಾರಾಯ್ತಿ, ಪ್ಲೀಸ್" ಎಂದು ಕೈಮುಗಿದೆ. ನನ್ನದೊಂದು ಕೊಡುತ್ತೇನೆ ಎಂದೂ ಹೇಳಿ ನೋಡಿದೆ. "ಬೇಡ. ನಂದೇ ಉಂಟು" ಎಂದು ಅತ್ತಳು. ಏಳು ಸಂಸ್ಕಾರಗಳನ್ನು ಕೊಟ್ಟ ದೇವರು ಮರೆವಿಗೆಂದು ಒಂದನ್ನೂ ಇಡಲಿಲ್ಲವಲ್ಲ! ನಾನು ಕೈಚೆಲ್ಲಿ ಕುಳಿತೆ.

ಮೊನ್ನೆ ಶುಕ್ರವಾರ ಫಾದರ್ ಬಂದಾಗ ಅವರಿಬ್ಬರನ್ನೇ ಬಿಟ್ಟು ಅಡಿಗೆಮನೆಗೆ ಸರಿದೆ. ಆದರೆ ಅಕ್ಕನ ಪಿಸುಮಾತು ಗೋಡೆಗೆ ನಿಲ್ಲುತ್ತದೆಯೇ?

"ಫಾದರ್, ಸಿಕ್ಕಿತು. ನಂಗೆ ಒಬ್ಬಳು ತಂಗಿ ಇದ್ದಳು. ಸಣ್ಣವಳು. ಕಾನ್ವೆಂಟಿಗೆ ನಾನೇ ಕೈಹಿಡಿದು ಕರ್ಕೊಂಡು ಹೋಗುದು. ಅವಳನ್ನು ಎಲ್ಲಿಯೋ ಬಿಟ್ಟು ಬಂದಿದ್ದೇನೆ. ಎಲ್ಲಿ ಅಂತ ಗೊತ್ತಾಗುದಿಲ್ಲ."

ಒಲೆಯ ಮೇಲಿನ ಗಂಜಿ ಉಕ್ಕಿ ಚೆಲ್ಲಿತು. ನಾನು ನೋಡುತ್ತ ನಿಂತೆ.

ಪಾಪಕ್ಷಮೆ ಕೊಟ್ಟು ಮುಗಿಸಿ ಫಾದರ್ ನನ್ನನ್ನು ಕರೆದರು. ಅಕ್ಕನಿಗೆ ಹೇಳಿದರು: "ಪ್ರಾಯಶ್ಚಿತ್ತಕ್ಕೆ ಪ್ರಾರ್ಥನೆ ಏನೂ ಬೇಡಮ್ಮ. ಇವರ ಕೈ ಸ್ವಲ್ಪ ಹೊತ್ತು ಹಿಡ್ಕೊಂಡಿರಿ."

ಅಕ್ಕ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಸಿಗಲಿಲ್ಲ. ಸುಳ್ಳೇಕೆ ಹೇಳಲಿ, ಸಿಗಲಿಲ್ಲ. ಆದರೆ ಪ್ರಾಯಶ್ಚಿತ್ತವೆಂದರೆ ಪ್ರಾಯಶ್ಚಿತ್ತ, ಕಾನ್ವೆಂಟಿನ ಡಿಸಿಪ್ಲಿನ್! ಕೈ ಚಾಚಿದಳು. ಬೆರಳು ಬಿಟ್ಟು ಮಣಿಕಟ್ಟನ್ನೇ ಹಿಡಿದಳು, ಹಿಂದೆ ಕಾನ್ವೆಂಟಿನ ದಾರಿಯಲ್ಲಿ ಹಿಡಿಯುತ್ತಿದ್ದ ಹಾಗೆ, ನೋಯುವಷ್ಟು ಗಟ್ಟಿಯಾಗಿ. ಪರಮಪ್ರಸಾದಕ್ಕೆ ಬಾಯಿ ತೆರೆದಳು. ನುಂಗಿದವಳು ನನ್ನ ಕಡೆ ಬಗ್ಗಿ, ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು:

"ಕೈ ಬಿಡಬೇಡ, ಆಯ್ತಾ? ಬಸ್ಸು ಬರ್ತದೆ."